ಕಳ್ಳ ಯಾರು? ಓದಿ ನೋಡೋಣ

ಬಂಗಾರಪೇಟೆಯ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ರೈಲು ನಿಲ್ದಾಣದ ಹತ್ತಿರ ಹೂವು ಮಾರುತ್ತಾರೆ. ಸಂಜೆ ವ್ಯಾಪಾರ ಮುಗಿಸಿ, ಖಾಲಿ ಬುಟ್ಟಿಯನ್ನು ಬಾಗಿಲ ಬಳಿ ಇಟ್ಟು ಒಳಗೆ ಬರುತ್ತಾರೆ. ಅಕ್ಷರ ಕಲಿತು ಎಂಟು ತಿಂಗಳಾಗಿತ್ತು. ಒಂದು ದಿನ ಅವರು ಪುಸ್ತಕ ಮುಚ್ಚಿ ನನ್ನ ಮುಖ ನೋಡಿದರು.

"ಟೀಚರ್, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಪುಸ್ತಕದಲ್ಲಿ ಬರೀ ಬುದ್ಧಿ ಹೇಳ್ತಾರೆ. ನೀರು ಕಾಯಿಸಿ ಕುಡಿ ಅಂತಾರೆ. ಗಿಡ ನೆಡು ಅಂತಾರೆ. ಉಳಿತಾಯ ಮಾಡು ಅಂತಾರೆ. ಎಲ್ಲಾ ಒಳ್ಳೇದೇ. ಆದ್ರೆ ಓದ್ತಾ ಓದ್ತಾ ನಿದ್ದೆ ಬತ್ತದೆ. ನಿದ್ದೆ ಓಡಿಸೋ ಪುಸ್ತಕ ಒಂದಾದ್ರೂ ಇಲ್ವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಹೋದ ಮೇಲೂ ಆ ಮಾತು ಬಿಡಲಿಲ್ಲ. ಆ ತಿಂಗಳು ಇಬ್ಬರು ಕೇಂದ್ರಕ್ಕೆ ಬರುವುದನ್ನು ನಿಲ್ಲಿಸಿದ್ದರು. ಓಡಾಡದ ದಾರಿಯಲ್ಲಿ ಹುಲ್ಲು ಬೆಳೆಯುತ್ತದೆ. ಓದದೆ ಬಿಟ್ಟರೆ ಕಲಿತ ಅಕ್ಷರವೂ ಹಾಗೆಯೇ ಮುಚ್ಚಿಹೋಗುತ್ತದೆ.

ನನ್ನ ತಾಯಿಯ ತವರು ಕೆ.ಜಿ.ಎಫ್. ನನ್ನ ಅಜ್ಜ ಚಿನ್ನದ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿ ಕೊನೆಯಲ್ಲಿ ಗಣಿ ಮುಚ್ಚಿತು. ಆಗ ನಾನು ಚಿಕ್ಕವಳು. ಲೈನ್ ಮನೆ ಖಾಲಿ ಮಾಡುವಾಗ ಸೋದರಮಾವನ ಒಂದು ತಗಡಿನ ಟ್ರಂಕು ನಮ್ಮ ಮನೆಗೆ ಬಂತು. ಅದರ ತುಂಬ ಹಳೆಯ ಕಾದಂಬರಿಗಳು. ಒಂದೊಂದೂ ಅಂಗೈ ಅಗಲ. ಹಳದಿ ಹಾಳೆ. ಕೆಲವಕ್ಕೆ ಬಾಡಿಗೆ ಲೈಬ್ರರಿಯ ಮೊಹರು. ಮಾವ ಬಾಡಿಗೆಗೆ ತಂದು ಹಿಂದಿರುಗಿಸಲೇ ಇಲ್ಲ ಅಂತ ನನಗೆ ಅನುಮಾನ. ಕೇಳಿದರೆ ಈಗಲೂ ಮಾತು ತಿರುಗಿಸುತ್ತಾರೆ!

ಮರುದಿನ ಆ ಟ್ರಂಕಿನಿಂದ ಒಂದು ಪುಸ್ತಕ ತೆಗೆದುಕೊಂಡು ಹೋದೆ. ಅದಕ್ಕೆ ಹೊದಿಕೆ ಇರಲಿಲ್ಲ. ಬರೆದವರ ಹೆಸರಿದ್ದ ಹಾಳೆಯೂ ಇರಲಿಲ್ಲ. ಆದರೆ ಮೊದಲ ಸಾಲಿನಲ್ಲೇ ಒಂದು ಹೆಣ ಬಿದ್ದಿತ್ತು. ಹೂವಿನಕ್ಕ ಆ ಸಾಲನ್ನು ಓದಿ, "ಅಯ್ಯೋ ಶಿವನೇ, ಯಾರು ಹೊಡೆದ್ರು?" ಅಂದರು. "ಮುಂದೆ ಓದಿ" ಅಂದೆ.

ಪತ್ತೇದಾರ ಅಂದರೆ ಯಾರು?

ಪಾಲು ಇರುವವನು ಪಾಲುದಾರ. ಜಮೀನು ಇರುವವನು ಜಮೀನುದಾರ. ಪತ್ತೆ ಹಚ್ಚುವವನು ಪತ್ತೇದಾರ. ಅವನ ಕಥೆಯೇ ಪತ್ತೇದಾರಿ ಕಾದಂಬರಿ. ಕಳವು ಆಗಿರುತ್ತದೆ, ಇಲ್ಲವೇ ಕೊಲೆ ಆಗಿರುತ್ತದೆ. ಯಾರು ಮಾಡಿದರು ಅಂತ ಗೊತ್ತಿರುವುದಿಲ್ಲ. ನಾಲ್ಕೈದು ಜನರ ಮೇಲೆ ಅನುಮಾನ. ಪತ್ತೇದಾರ ಬರುತ್ತಾನೆ. ಸುಳಿವು ಹುಡುಕುತ್ತಾನೆ. ಕೊನೆಯಲ್ಲಿ ನಿಜ ಹೊರಗೆ ಬರುತ್ತದೆ.

ಬೋರ್ಡಿನ ಮೇಲೆ ನಾನು ಎರಡು ಪದ ಬರೆದೆ: ಪತ್ತೇದಾರ ಪುರುಷೋತ್ತಮ. ಎರಡರಲ್ಲೂ ತಕಾರಕ್ಕೆ ಒತ್ತು ಇದೆ, ನೋಡಿ. ಒತ್ತಕ್ಷರ ಅಂದರೆ ಎದ್ದು ಹೋಗುತ್ತಿದ್ದವರೆಲ್ಲ ಆ ದಿನ ಅದನ್ನು ತಪ್ಪಿಲ್ಲದೆ ಓದಿದರು.

ಈ ಪುರುಷೋತ್ತಮ ಕನ್ನಡದ ಬಹಳ ಹೆಸರಾದ ಪತ್ತೇದಾರ. ಅವನನ್ನು ಸೃಷ್ಟಿಸಿದವರು ಎನ್. ನರಸಿಂಹಯ್ಯ. ಅವರು ಶಾಲೆಯಲ್ಲಿ ಎಷ್ಟು ಓದಿದ್ದರು, ಹೇಳಿ ನೋಡೋಣ. ಬಿ.ಎ.? ಹತ್ತನೇ ತರಗತಿ? ಅಲ್ಲ. ಅವರು ಓದಿದ್ದು ನಾಲ್ಕನೇ ತರಗತಿ ಮಾತ್ರ. ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. 1950ರ ದಶಕದಿಂದ ಅವರ ಪುಸ್ತಕಗಳು ಒಂದರ ಹಿಂದೆ ಒಂದು ಬಂದವು. ಪುರುಷೋತ್ತಮನ ಜೊತೆಗೆ ಅರಿಂಜಯ, ಮಧುಸೂದನ ಎಂಬ ಪತ್ತೇದಾರರನ್ನೂ ಅವರು ತಂದರು. ಬಸ್ ನಿಲ್ದಾಣ, ರೈಲು, ಅಂಗಡಿ, ಮಿಲ್ಲು, ಎಲ್ಲ ಕಡೆ ಜನ ಅವನ್ನು ಓದುತ್ತಿದ್ದರು. ಈ ಪುಸ್ತಕಗಳ ಆಸೆಗೇ ಕನ್ನಡ ಓದುವುದನ್ನು ರೂಢಿ ಮಾಡಿಕೊಂಡೆವು ಅಂತ ಹೇಳುವ ಹಿರಿಯರು ಈಗಲೂ ಸಿಗುತ್ತಾರೆ. ನಮ್ಮ ಮಾವನೂ ಅವರಲ್ಲಿ ಒಬ್ಬರು. ನರಸಿಂಹಯ್ಯನವರು 2011ರಲ್ಲಿ ತೀರಿಕೊಂಡರು. ಅವರಿಗೆ ದೊಡ್ಡ ಸಾಹಿತಿಗಳ ಸಾಲಿನಲ್ಲಿ ಬೇಗ ಜಾಗ ಕೊಡಲಿಲ್ಲ. ಪತ್ತೇದಾರಿ ಕಥೆ ಅಂದರೆ ಕೀಳು ಅಂತ ಓದಿದವರು ಮೂಗು ಮುರಿಯುತ್ತಿದ್ದರು. ನನ್ನನ್ನು ಕೇಳಿದರೆ, ಓದಲು ಬಾರದವರನ್ನು ಓದುವ ಹಾಗೆ ಮಾಡಿದ್ದು ಸಣ್ಣ ಕೆಲಸ ಅಲ್ಲ.

ಇನ್ನೊಬ್ಬರ ವಿಷಯ ಹೇಳುತ್ತೇನೆ. ನವೆಂಬರ್ 1ಕ್ಕೆ ನಮ್ಮೂರಲ್ಲೂ ಹಳದಿ ಕೆಂಪು ಬಾವುಟ ಹಾರಿಸುತ್ತಾರಲ್ಲ, ಅದನ್ನು ರೂಪಿಸಿದವರು ಎಂ. ರಾಮಮೂರ್ತಿ. ಅವರೂ ಪತ್ತೇದಾರಿ ಕಾದಂಬರಿಕಾರರೇ! ನೂರಕ್ಕೂ ಹೆಚ್ಚು ಬರೆದಿದ್ದರು. 1967ರಲ್ಲಿ ಬಾವಿ ತೋಡಿಸುವಾಗ ಮಣ್ಣು ಕುಸಿದು, ಇಬ್ಬರು ಗಂಡುಮಕ್ಕಳ ಜೊತೆ ಅವರೂ ತೀರಿಹೋದರು. ಗಣಿಯಲ್ಲಿ ಮಣ್ಣು ಕುಸಿದು ಮನೆಯವರನ್ನು ಕಳೆದುಕೊಂಡವರು ನಮ್ಮ ಕೇಂದ್ರದಲ್ಲಿದ್ದಾರೆ. ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನೀವೇ ಪತ್ತೆ ಮಾಡಿ

ಈಗ ಒಂದು ಪುಟ್ಟ ಕಥೆ. ಇದು ನಾನೇ ಕಟ್ಟಿದ್ದು. ನಿಧಾನವಾಗಿ ಓದಿ.

ಕೆ.ಜಿ.ಎಫ್.ನ ಒಂದು ಲೈನ್ ಮನೆ. ಆ ಮನೆಯ ಹೆಂಗಸು ಚೀಟಿ ನಡೆಸುತ್ತಾಳೆ. ಅವತ್ತು ಚೀಟಿಯ ದುಡ್ಡು ನಾಲ್ಕು ಸಾವಿರ ಅವಳ ಕೈಗೆ ಬಂದಿತ್ತು. ಅದನ್ನು ಮನೆಯೊಳಗೆ ಒಂದು ಕಡೆ ಬಚ್ಚಿಟ್ಟಳು. ಎಲ್ಲಿ ಅಂತ ಗಂಡನಿಗೂ ಹೇಳಲಿಲ್ಲ. ಮಧ್ಯಾಹ್ನ ನಲ್ಲಿಯಲ್ಲಿ ನೀರು ಬಂತು. ಬಾಗಿಲು ಮುಂದಕ್ಕೆ ಎಳೆದು, ಕೊಡ ತೆಗೆದುಕೊಂಡು ಓಡಿದಳು. ವಾಪಸ್ಸು ಬಂದು ನೋಡಿದರೆ ದುಡ್ಡು ಇಲ್ಲ. ಬರಿಗೈಯಲ್ಲಿ ಹೊರಗೆ ಓಡಿ ಬಂದು, "ಅಯ್ಯೋ, ಚೀಟಿ ದುಡ್ಡು ಹೋಯ್ತಲ್ಲಪ್ಪಾ!" ಅಂತ ಕೂಗಿದಳು.

ಜನ ಸೇರಿದರು. ಪಕ್ಕದ ಮನೆಯ ಅಜ್ಜಿ ಜಗಲಿಯ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದಳು. "ಯಾರೋ ಹೋದ ಹಾಗಾಯ್ತು. ನನಗೆ ಕಣ್ಣು ಸರಿಯಾಗಿ ಕಾಣ್ಸಲ್ಲ" ಅಂದಳು. ಹಾಲಿನ ಹುಡುಗ ಬಾಕಿ ಕೇಳಲು ಬಂದಿದ್ದ. "ಬಾಗಿಲು ತಟ್ಟಿದೆ, ಯಾರೂ ಬರಲಿಲ್ಲ, ಇಲ್ಲೇ ನಿಂತಿದ್ದೆ" ಅಂದ. ಅವನ ಕೈ ನಡುಗುತ್ತಿತ್ತು. ಯಾರ ಮುಖವನ್ನೂ ಅವನು ನೋಡಲಿಲ್ಲ. ಅಷ್ಟರಲ್ಲಿ ಮೈದುನ ಬಂದ. ಕೈಯಲ್ಲಿ ಬ್ಯಾಗು. "ಈಗ ತಾನೆ ಬೆಂಗಳೂರು ರೈಲು ಇಳಿದೆ. ಏನು ಗಲಾಟೆ?" ಅಂದ. ಜನ ಹೇಳಿದರು. ಅವನು ತಲೆ ಚಚ್ಚಿಕೊಂಡ. "ಅಲ್ಲ ಅತ್ತಿಗೆ, ಅಷ್ಟು ದುಡ್ಡನ್ನ ಯಾರಾದ್ರೂ ರಾಗಿ ಡಬ್ಬದಲ್ಲಿ ಇಡ್ತಾರಾ? ಬ್ಯಾಂಕಿಗೆ ಕಟ್ಟಬಾರದಿತ್ತಾ?" ಅಂದ. ಅತ್ತಿಗೆ ಅಳುತ್ತಲೇ ಇದ್ದಳು. ಜನ ಹಾಲಿನ ಹುಡುಗನ ಕೊರಳಪಟ್ಟಿ ಹಿಡಿದರು.

ಕದ್ದವರು ಯಾರು? ಇಲ್ಲಿ ನಿಲ್ಲಿಸಿ. ಬೇಕಾದರೆ ಇನ್ನೊಂದು ಸಲ ಓದಿ. ಉತ್ತರ ಆಮೇಲೆ ಹೇಳುತ್ತೇನೆ.

ಹೆಬ್ಬೆಟ್ಟಿನ ಮಾತು

ಪತ್ತೇದಾರಿ ಕಾದಂಬರಿಯಲ್ಲಿ ಬೆರಳಚ್ಚಿನ ಮಾತು ಬಂದೇ ಬರುತ್ತದೆ. ಲೋಟದ ಮೇಲೆ, ಬೀಗದ ಮೇಲೆ ಕಳ್ಳನ ಬೆರಳಿನ ಗುರುತು ಉಳಿದಿರುತ್ತದೆ. ಒಬ್ಬರ ಬೆರಳಿನ ಗೆರೆ ಇನ್ನೊಬ್ಬರಿಗೆ ಇರುವುದಿಲ್ಲ. ಅವಳಿ ಮಕ್ಕಳಲ್ಲೂ ಬೇರೆ ಬೇರೆ.

ಇದನ್ನು ಪೊಲೀಸ್ ಕೆಲಸಕ್ಕೆ ಬಳಸುವುದು ಬೇರೂರಿದ್ದು ನಮ್ಮ ದೇಶದಲ್ಲೇ. 1858ರಲ್ಲಿ ಬಂಗಾಳದಲ್ಲಿ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ಒಬ್ಬ ಕಂಟ್ರಾಕ್ಟರನ ಅಂಗೈ ಗುರುತನ್ನು ಕರಾರು ಪತ್ರದ ಮೇಲೆ ಒತ್ತಿಸಿಕೊಂಡ. ಆಮೇಲೆ 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆದರು. ಸಾವಿರಾರು ಬೆರಳಚ್ಚುಗಳಲ್ಲಿ ಬೇಕಾದ್ದನ್ನು ಬೇಗ ಹುಡುಕುವುದು ಹೇಗೆ? ಅದಕ್ಕೆ ಲೆಕ್ಕ ಕಟ್ಟಿಕೊಟ್ಟವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಇಬ್ಬರೂ ನಮ್ಮವರು. ಆದರೆ ಆ ಪದ್ಧತಿಗೆ ಮೇಲಧಿಕಾರಿ ಹೆನ್ರಿಯ ಹೆಸರು ಬಂತು. ದುಡಿದವರು ಒಬ್ಬರು, ಹೆಸರು ಇನ್ನೊಬ್ಬರದು. ಗಣಿಯ ಊರಿನವರಿಗೆ ಇದು ಹೊಸದೇನಲ್ಲ.

ಜಲಪಾಯಿಗುರಿ ಎಂಬಲ್ಲಿ ಚಹಾ ತೋಟದ ಮ್ಯಾನೇಜರನ ಕೊಲೆಯಾಗಿತ್ತು. ಹಣದ ಪೆಟ್ಟಿಗೆ ಬರಿದಾಗಿತ್ತು. ಅಲ್ಲಿದ್ದ ಒಂದು ಪಂಚಾಂಗದ ಮೇಲೆ ರಕ್ತದ ಬೆರಳ ಗುರುತು ಸಿಕ್ಕಿತು. ಹಿಂದೆ ಜೈಲಿಗೆ ಹೋಗಿ ಬಂದಿದ್ದ ಆಳೊಬ್ಬನ ಬೆರಳಿಗೆ ಅದು ಹೊಂದಿತು. 1898ರಲ್ಲಿ ಕೋರ್ಟು ಅವನಿಗೆ ಕಳವಿನ ಶಿಕ್ಷೆ ಕೊಟ್ಟಿತು. ಕೊಲೆಯ ಶಿಕ್ಷೆ ಕೊಡಲಿಲ್ಲ. ಕೊಂದದ್ದನ್ನು ಕಣ್ಣಾರೆ ಕಂಡವರು ಇರಲಿಲ್ಲವಲ್ಲ!

ಇದನ್ನು ಹೇಳಿದಾಗ ಹೂವಿನಕ್ಕ ತಮ್ಮ ಹೆಬ್ಬೆರಳನ್ನೇ ನೋಡಿಕೊಂಡರು. "ಹೆಬ್ಬೆಟ್ಟಿನವಳು ಅಂತ ನನ್ನ ಎಷ್ಟು ಜನ ಆಡ್ಕೊಂಡಿದಾರೆ ಟೀಚರ್. ಇದರಲ್ಲಿ ಇಷ್ಟು ವಿಷಯ ಐತಾ?" ಅಂದರು. ಮತ್ತೆ ಕಾದಂಬರಿ ತೆಗೆದು ಓದತೊಡಗಿದರು.

ಮತ್ತೆ ಮತ್ತೆ ಬರುವ ಪತ್ತೇದಾರ

ಒಂದು ಕಾದಂಬರಿ ಮುಗಿದರೂ ಪತ್ತೇದಾರ ಮುಗಿಯುವುದಿಲ್ಲ. ಮುಂದಿನ ಪುಸ್ತಕದಲ್ಲಿ ಮತ್ತೆ ಬರುತ್ತಾನೆ. ಅದೇ ಮಾತು, ಅದೇ ಅಭ್ಯಾಸ. ಹಬ್ಬಕ್ಕೆ ಬರುವ ನೆಂಟನ ಹಾಗೆ. ಹೊಸದಾಗಿ ಓದುವವರಿಗೆ ಇದರಿಂದ ಬಹಳ ಅನುಕೂಲ. ಹೆಸರು ಗೊತ್ತಿರುತ್ತದೆ. ಅನುಮಾನ, ಸುಳಿವು, ಸಾಕ್ಷಿ, ಉಯಿಲು, ಇಂಥ ಪದಗಳು ಮತ್ತೆ ಮತ್ತೆ ಬರುತ್ತವೆ. ಎರಡನೇ ಪುಸ್ತಕದಲ್ಲಿ ಅವನ್ನು ಕೂಡಿಸಿ ಓದಬೇಕಾಗಿಲ್ಲ, ಕಣ್ಣೇ ಗುರುತು ಹಿಡಿಯುತ್ತದೆ.

ಇಂಗ್ಲೆಂಡಿನಲ್ಲಿ ಕಾನನ್ ಡಾಯ್ಲ್ ಎಂಬ ವೈದ್ಯರು 1887ರಲ್ಲಿ ಷರ್ಲಾಕ್ ಹೋಮ್ಸ್ ಎಂಬ ಪತ್ತೇದಾರನನ್ನು ತಂದರು. ಬರೆದು ಬರೆದು ಅವರಿಗೇ ಸಾಕಾಯಿತು. 1893ರಲ್ಲಿ ಒಂದು ಕಥೆಯಲ್ಲಿ ಅವನನ್ನು ಸಾಯಿಸಿಬಿಟ್ಟರು. ಓದುಗರು ಸಿಟ್ಟಾದರು. ಕೊನೆಗೆ ಅವನನ್ನು ಬದುಕಿಸಿ ವಾಪಸ್ಸು ಕರೆತರಬೇಕಾಯಿತು!

ನಮ್ಮ ಕೇಂದ್ರದಲ್ಲಿ ಎಲ್ಲರಿಗೂ ಹಿಡಿಸಿದ್ದು ಹೋಮ್ಸ್ ಅಲ್ಲ, ಒಬ್ಬ ಅಜ್ಜಿ. ಆ ಅಜ್ಜಿಯ ಹೆಸರು ಮಿಸ್ ಮಾರ್ಪಲ್. ಮದುವೆಯಾಗಿಲ್ಲ. ಹಳ್ಳಿಯಲ್ಲಿ ವಾಸ. ಕೈಯಲ್ಲಿ ಯಾವಾಗಲೂ ಉಣ್ಣೆಯ ಹೆಣಿಗೆ. ಹೆಣೆಯುತ್ತಾ ಹೆಣೆಯುತ್ತಾ ಎಲ್ಲರ ಮಾತೂ ಕೇಳಿಸಿಕೊಳ್ಳುತ್ತಾಳೆ. ಪೊಲೀಸರು ಸೋತ ಕೇಸನ್ನು ಅವಳು ಬಿಡಿಸುತ್ತಾಳೆ. ಹೇಗೆ ಗೊತ್ತಾ? ಈ ಮನುಷ್ಯ ನಮ್ಮೂರಿನ ಇಂಥವನ ಹಾಗೆ, ಅವನೂ ಹೀಗೇ ಸುಳ್ಳು ಹೇಳಿದ್ದ ಅಂತ ಹೋಲಿಸಿ ನೋಡುತ್ತಾಳೆ. ನಮ್ಮ ಬೀದಿಯಲ್ಲೂ ಇಂಥ ಅಜ್ಜಿ ಒಬ್ಬಳಿರುತ್ತಾಳೆ, ಅಲ್ವಾ? ಆದರೆ ನಾವು ಅವಳನ್ನು ಚಾಡಿಕೋರಿ ಅಂತೀವಿ.

ಈ ಅಜ್ಜಿಯನ್ನು ಬರೆದವರು ಅಗಾಥಾ ಕ್ರಿಸ್ಟಿ ಎಂಬ ಹೆಂಗಸು. ಅವರ ಮೊದಲ ಕಾದಂಬರಿ ಬಂದದ್ದು 1920ರಲ್ಲಿ. 1976ರಲ್ಲಿ ತೀರಿಕೊಳ್ಳುವವರೆಗೆ 66 ಪತ್ತೇದಾರಿ ಕಾದಂಬರಿ ಬರೆದರು. ಚಿಕ್ಕಂದಿನಲ್ಲಿ, ಎಂಟು ವರ್ಷ ತುಂಬುವವರೆಗೆ ಮಗಳಿಗೆ ಓದು ಬೇಡ ಅಂತ ಅವರ ತಾಯಿ ಅಂದುಕೊಂಡಿದ್ದರಂತೆ. ಮಗಳು ಐದಕ್ಕೇ ತಾನಾಗಿ ಓದು ಕಲಿತಳು. ಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ಕೆಲಸ ಮಾಡಿದರು. ಯಾವ ವಿಷ ಹೇಗೆ ಕೆಲಸ ಮಾಡುತ್ತದೆ ಅಂತ ಅಲ್ಲಿ ಕಲಿತರು. ಅದಕ್ಕೇ ಅವರ ಕಥೆಗಳಲ್ಲಿ ಅಷ್ಟೊಂದು ಜನ ವಿಷ ಕುಡಿದು ಸಾಯುವುದು!

ನಮ್ಮ ಕಡೆ ಒಂದೇ ಬೀದಿಯಲ್ಲಿ ಮೂರು ಭಾಷೆ. ತೆಲುಗಿನಲ್ಲಿ ಕೊಮ್ಮೂರಿ ಸಾಂಬಶಿವರಾವ್ ಅವರ ಪತ್ತೇದಾರ ಯುಗಂಧರ್ ಇದ್ದಾನೆ. ತಮಿಳಿನಲ್ಲಿ ಸುಜಾತಾ ಎಂಬ ಹೆಸರಿನಲ್ಲಿ ಬರೆದವರ ವಕೀಲರಾದ ಗಣೇಶ್ ಮತ್ತು ವಸಂತ್ ಇದ್ದಾರೆ. ಮನೆಯಲ್ಲಿ ಆ ಭಾಷೆ ಓದುವವರು ಇದ್ದರೆ ಕೇಳಿ ನೋಡಿ.

ರಾಗಿ ಡಬ್ಬ

ಈಗ ನಮ್ಮ ಕಥೆಗೆ ಬರೋಣ. ಕೇಂದ್ರದಲ್ಲಿ ಎಲ್ಲರೂ ಹಾಲಿನ ಹುಡುಗನೇ ಕಳ್ಳ ಅಂದರು. ಹೂವಿನಕ್ಕ ಮಾತಾಡಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟು ಹಿಂದಕ್ಕೆ ಹೋದರು. ಮತ್ತೆ ಮುಂದಕ್ಕೆ ಬಂದರು.

"ಟೀಚರ್, ದುಡ್ಡು ಹೋಯ್ತು ಅಂತ ಮಾತ್ರ ಅವಳು ಕೂಗಿದ್ದು. ಎಲ್ಲಿ ಇಟ್ಟಿದ್ದಳು ಅಂತ ಗಂಡನಿಗೂ ಗೊತ್ತಿಲ್ಲ. ರಾಗಿ ಡಬ್ಬ ಅಂತ ಮೈದುನನಿಗೆ ಹೇಳಿದ್ದು ಯಾರು?"

ನೀವೂ ಇದನ್ನೇ ಹಿಡಿದಿರಾ? ಹಿಡಿದಿದ್ದರೆ ಭೇಷ್. ಅದೇ ಸುಳಿವು. ಹುಡುಗನ ಕೈ ನಡುಗಿದ್ದು ನಮ್ಮನ್ನು ದಾರಿ ತಪ್ಪಿಸಲು. ಪತ್ತೇದಾರಿ ಕಥೆಗಾರರು ಹೀಗೆ ಬೇಕೆಂದೇ ಮಾಡುತ್ತಾರೆ. ನಿಜವಾದ ಸುಳಿವನ್ನು ಸಾಮಾನ್ಯ ಮಾತಿನ ನಡುವೆ ಬಚ್ಚಿಡುತ್ತಾರೆ. ಮೋಸ ಮಾಡುವುದಿಲ್ಲ, ಕಣ್ಣ ಮುಂದೆಯೇ ಇಟ್ಟಿರುತ್ತಾರೆ.

"ಹಂಗಾದ್ರೆ ಆ ಹುಡುಗ ಯಾಕೆ ನಡುಗಬೇಕಿತ್ತು?" ಅಂತ ಒಬ್ಬರು ಕೇಳಿದರು.

ಮೂಲೆಯಲ್ಲಿ ಕುಳಿತಿದ್ದ ಒಬ್ಬ ತಂಗಿ ಉತ್ತರ ಕೊಟ್ಟಳು. ಅವಳು ಬೆಳಗಿನ ರೈಲಿಗೆ ಬೆಂಗಳೂರಿಗೆ ಮನೆಗೆಲಸಕ್ಕೆ ಹೋಗುತ್ತಾಳೆ. "ಯಾಕೆ ಅಂದ್ರೆ ಅವನಿಗೆ ಗೊತ್ತಿತ್ತು ಅಕ್ಕಾ. ಬಡವರನ್ನೇ ಮೊದಲು ಹಿಡಿಯೋದು ಅಂತ."

ಅವಳು ಕೆಲಸ ಮಾಡುತ್ತಿದ್ದ ಒಂದು ಮನೆಯಲ್ಲಿ ಉಂಗುರ ಕಾಣೆಯಾಗಿತ್ತಂತೆ. ಇವಳ ಚೀಲ ಜಾಲಾಡಿದರು. ಸೆರಗು ಕೊಡವಿಸಿದರು. ಪೊಲೀಸ್ ಅಂತ ಹೆದರಿಸಿದರು. ಇವಳ ಕೈಯೂ ನಡುಗಿತಂತೆ. ಆ ತಿಂಗಳ ಸಂಬಳ ಹಿಡಿದುಕೊಂಡು ಕಳಿಸಿಬಿಟ್ಟರು. ನಾಲ್ಕು ದಿನದ ಮೇಲೆ ಉಂಗುರ ಬಟ್ಟೆ ಒಗೆಯುವ ಮೆಷಿನ್ನಿನ ಹಿಂದೆ ಸಿಕ್ಕಿತು. ಅದನ್ನು ಅವಳಿಗೆ ಹೇಳಿದ್ದು ಎದುರು ಮನೆಯ ಕೆಲಸದವಳು. ಉಂಗುರದ ಮನೆಯವರು ಒಂದು ಮಾತೂ ಆಡಲಿಲ್ಲ. ಸಂಬಳವೂ ಬರಲಿಲ್ಲ.

"ಈ ಪುಸ್ತಕದಲ್ಲಿ ಕೊನೆಗೆ ನಿಜ ಗೊತ್ತಾಗ್ತದೆ ಅಲ್ವಾ ಟೀಚರ್? ಅದು ನನಗೆ ಇಷ್ಟ" ಅಂದಳು.

ನಾನು ಏನು ಹೇಳಲಿ? ಹೌದು ಅಂದೆ. ಆ ದಿನದಿಂದ ಪುಸ್ತಕ ಅವಳ ಜೊತೆ ರೈಲಿಗೂ ಹೋಯಿತು. ಬಂಗಾರಪೇಟೆ ಬಿಟ್ಟ ಮೇಲೆ ಗಟ್ಟಿಯಾಗಿ ಓದಲು ಶುರು. ಟೇಕಲ್ ಬರುವಷ್ಟರಲ್ಲಿ ಎರಡು ಪುಟ. ಮಾಲೂರು ದಾಟುವಾಗ ಇನ್ನೆರಡು. ಸುತ್ತ ಕುಳಿತ ಹೆಂಗಸರು ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದರಂತೆ. ಒಬ್ಬರು ಬೇರೆ ಡಬ್ಬಿಗೆ ಹತ್ತಿ ಒಂದು ದಿನದ ಕಥೆ ತಪ್ಪಿಸಿಕೊಂಡು, ಮರುದಿನ ಮೊದಲಿಂದ ಹೇಳು ಅಂತ ಜಗಳವಾಡಿದರಂತೆ.

ಓದುವಾಗ

ಹೆಸರುಗಳು ಮರೆತುಹೋಗುತ್ತವೆ. ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ಗೊತ್ತಿಲ್ಲದ ಪದ ಬಂದರೆ ನಿಲ್ಲಬೇಡಿ, ಮುಂದೆ ಹೋಗಿ. ಎರಡು ಸಾಲು ಆದ ಮೇಲೆ ಎಷ್ಟೋ ಸಲ ಅರ್ಥ ತಾನೇ ಬಿಡಿಸಿಕೊಳ್ಳುತ್ತದೆ. ಅನುಮಾನ ಬಂದ ಕಡೆ ಹಾಳೆಯ ಮೂಲೆ ಮಡಚಬೇಡಿ, ಒಂದು ಹೂವಿನ ದಳವೋ ಬಸ್ ಟಿಕೆಟ್ಟೋ ಇಡಿ. ಕೊನೆಯ ಪುಟವನ್ನು ಮೊದಲು ನೋಡಲೇಬೇಡಿ!

ಒಂದು ಮಾತು ಹೇಳಬೇಕು. ಹಳೆಯ ಪತ್ತೇದಾರಿ ಕಾದಂಬರಿ ಎಲ್ಲವೂ ಚೆನ್ನಾಗಿಲ್ಲ. ಎಷ್ಟೋ ಪುಸ್ತಕಗಳಲ್ಲಿ ಹೆಂಗಸು ಅಂದರೆ ಕಿರುಚುವವಳು, ಇಲ್ಲವೇ ಮೋಸ ಮಾಡುವವಳು. ಓದುವಾಗ ನನಗೆ ಸಿಟ್ಟು ಬರುತ್ತದೆ. ಇದು ಸರಿಯಿಲ್ಲ ಅಂತ ನಿಮಗೂ ಅನಿಸಿದರೆ ಜೋರಾಗಿ ಹೇಳಿ. ಪುಸ್ತಕ ಅಂದ ಮಾತ್ರಕ್ಕೆ ತಲೆ ಆಡಿಸಬೇಕಾಗಿಲ್ಲ.

"ಹೆಂಗಸರಿಗೆ ಯಾಕೆ ಕೊಲೆ ಕಥೆ?" ಅಂತ ಮನೆಯಲ್ಲಿ ಕೇಳಬಹುದು. ಹೂವಿನಕ್ಕನ ಮಗ ಕೇಳಿದನಂತೆ. "ನೀನು ಟಿ.ವಿ.ಯಲ್ಲಿ ದಿನಾ ನೋಡೋದು ಏನು, ಭಜನೆನಾ?" ಅಂದರಂತೆ. ಅವನು ಸುಮ್ಮನಾದ. ಮೂರು ದಿನದ ಮೇಲೆ, "ಅಮ್ಮಾ, ಆ ಉಯಿಲು ಯಾರು ಬದಲಾಯಿಸಿದ್ದು?" ಅಂತ ಅವನೇ ಕೇಳಿದನಂತೆ.

ಕಾದಂಬರಿ ಸಾರ್ವಜನಿಕ ಗ್ರಂಥಾಲಯದಲ್ಲಿ ಸಿಗುತ್ತದೆ. ಹಳ್ಳಿಗಳಲ್ಲಿ ಪಂಚಾಯಿತಿ ಗ್ರಂಥಾಲಯ ಇದೆ, ಅದಕ್ಕೆ ಈಗ ಅರಿವು ಕೇಂದ್ರ ಅಂತ ಕರೆಯುತ್ತಾರೆ. ಪತ್ತೇದಾರಿ ಪುಸ್ತಕ ಬೇಕು ಅಂತ ನಾಚಿಕೆ ಇಲ್ಲದೆ ಕೇಳಿ. ಅಪ್ಪಿತಪ್ಪಿ ಯಾರಾದರೂ ನಕ್ಕರೆ, ನರಸಿಂಹಯ್ಯನವರ ನಾಲ್ಕನೇ ತರಗತಿಯ ವಿಷಯ ಹೇಳಿ.

ನಮ್ಮ ಪುಸ್ತಕ ಏನಾಯಿತು? ನಲವತ್ತು ದಿನ ಓದಿದೆವು. 118ನೇ ಪುಟಕ್ಕೆ ಬಂದೆವು. ಪತ್ತೇದಾರ ಎಲ್ಲರನ್ನೂ ಬಂಗಲೆಯ ನಡುಮನೆಗೆ ಕರೆಸಿದ. ಬಾಗಿಲು ಹಾಕಿಸಿದ. "ಕೊಲೆಗಾರ ಇಲ್ಲೇ ಇದ್ದಾನೆ" ಅಂದ. ಹೂವಿನಕ್ಕ ಹಾಳೆ ತಿರುಗಿಸಿದರು. ಮುಂದೆ ಹಾಳೆಯೇ ಇಲ್ಲ! ಯಾರೋ ಯಾವ ಕಾಲದಲ್ಲೋ ಹರಿದುಕೊಂಡಿದ್ದರು. ಕಡಲೆಕಾಯಿ ಕಟ್ಟಿದರೋ ಏನೋ.

ಆ ದಿನದ ಗಲಾಟೆ ಕೇಳಬೇಕಿತ್ತು. ಒಬ್ಬರು ಡ್ರೈವರೇ ಕೊಂದದ್ದು ಅಂದರು. ಇನ್ನೊಬ್ಬರು ಸಣ್ಣ ಸೊಸೆ ಅಂದರು. ರೈಲಿನ ತಂಗಿ ವಕೀಲನೇ ಅಂತ ಹಟ ಹಿಡಿದಳು. 64ನೇ ಪುಟದಲ್ಲಿ ಅವನು ಗಡಿಯಾರದ ಬಗ್ಗೆ ಸುಳ್ಳು ಹೇಳಿದ್ದಾನೆ ಅಂತ ಓದಿ ತೋರಿಸಿದಳು. ಅಡುಗೆಯವಳು ಅಂತ ಮಾತ್ರ ಯಾರೂ ಅನ್ನಲಿಲ್ಲ. ರಾತ್ರಿ ಒಂಬತ್ತಾದರೂ ಯಾರೂ ಏಳಲಿಲ್ಲ. ನಿಂತುಹೋಗಿದ್ದ ಇಬ್ಬರಲ್ಲಿ ಒಬ್ಬರು ಆ ವಾರ ವಾಪಸ್ಸು ಬಂದಿದ್ದರು. ಅವರೂ ಕುಳಿತಿದ್ದರು.

ಮಾವನಿಗೆ ಫೋನ್ ಮಾಡಿ ಕೇಳಿದೆ. "ಯಾವ ಪುಸ್ತಕವಮ್ಮ? ಓದಿ ನಲವತ್ತು ವರ್ಷ ಆಯ್ತು, ನೆನಪಿಲ್ಲ" ಅಂದರು.

ಮುಂದಿನ ಸೋಮವಾರ ಟ್ರಂಕಿನಿಂದ ಇನ್ನೊಂದು ಕಾದಂಬರಿ ತಂದು ಹೂವಿನಕ್ಕನ ಕೈಗೆ ಕೊಟ್ಟೆ. ಅವರು ಅದನ್ನು ಮಗುಚಿ ಹಿಡಿದು, ಒಂದಕ್ಷರವನ್ನೂ ಓದದೆ, ಕೊನೆಯ ಹಾಳೆ ಇದೆಯಾ ಅಂತ ಮೊದಲು ನೋಡಿದರು.